ಹಕಾರ

ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ‘ಹ’ ಎನ್ನಬೇಕು, ಉಸಿರು ಬೆಚ್ಚಗೆ ಬಂದು ಅಂಗೈಗೆ ತಾಗಿದರೆ ಅದು ಹಕಾರ, ತಾಗದಿದ್ದರೆ ಬರೀ ಅಕಾರ ಎಂದು ಟ್ರೈನಿಂಗ್ ಸ್ಕೂಲಿನ ಮೇಷ್ಟ್ರು ವೆಂಕಟರಾಮಯ್ಯನವರು ಹೇಳಿಕೊಟ್ಟಿದ್ದರು. ಯಲಹಂಕದಲ್ಲಿ ಹತ್ತಿದ ಪ್ಯಾಸೆಂಜರ್ ಗಾಡಿಯಲ್ಲಿ ಗಂಗರತ್ನಮ್ಮ ಕಿಟಕಿಯ ಕಡೆ ಮುಖ ತಿರುಗಿಸಿ, ಸೆರಗಿನ ಮರೆಯಲ್ಲಿ ಕೈ ಹಿಡಿದು ಅದನ್ನೇ ಮಾಡುತ್ತಿದ್ದಳು. ಹಕ್ಕಿ. ಹಳ್ಳ. ಹಬ್ಬ. ಗಾಡಿಯ ಸದ್ದಿನಲ್ಲಿ ತನಗೇ ಕೇಳಿಸದಿದ್ದರೂ ಅಂಗೈಗೆ ಗೊತ್ತಾಗುತ್ತಿತ್ತು. ಒಮ್ಮೆ ತಾಗಿತು, ಇನ್ನೊಮ್ಮೆ ತಾಗಲಿಲ್ಲ, ಮತ್ತೊಮ್ಮೆ ತಾಗಿದ್ದು ಉಸಿರೋ ಕಿಟಕಿಯ ಗಾಳಿಯೋ ತಿಳಿಯಲಿಲ್ಲ. ಎದುರಿಗೆ ಮೊಸರಿನ ಕುಡಿಕೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಹೆಂಗಸು ಅವಳನ್ನೇ ನೋಡುತ್ತಿದ್ದವಳು, ಹಲ್ಲುನೋವಿಗೆ ಲವಂಗ ಕಚ್ಚಿಕೊಳ್ಳಬೇಕೆಂದು ಸಲಹೆ ಕೊಟ್ಟಳು. ಗಂಗರತ್ನಮ್ಮ ತಲೆಯಾಡಿಸಿದಳು. ಹೌದು ಎಂದು ಬಾಯಿಬಿಟ್ಟು ಹೇಳಲು ಧೈರ್ಯವಾಗಲಿಲ್ಲ. ಅದೂ ಹಕಾರದಿಂದಲೇ ಶುರುವಾಗುವ ಮಾತು. ಬೆಳಿಗ್ಗೆ ಎದ್ದಾಗಿನಿಂದಲೇ ಮೈಯಲ್ಲಿ ಒಂದು ದಣಿವು ಇತ್ತು. ಕೊಟ್ಟಿಗೆ ಬಳಿದು, ನೀರು ತುಂಬಿ, ಅತ್ತಿಗೆಯ ಮಗುವಿಗೆ ಗಂಜಿ ಕುಡಿಸಿ ಅಲ್ಲಾಳಸಂದ್ರದಿಂದ ಸ್ಟೇಷನ್ನಿನವರೆಗೆ ನಡೆದು ಬಂದ ದಣಿವಲ್ಲ ಅದು. ಬಾಯಿ ತೆರೆಯುವ ಮುಂಚೆ ಪ್ರತಿಯೊಂದು ಮಾತನ್ನೂ ಒಳಗೇ ಒಂದು ಸಲ ಆಡಿ ನೋಡಬೇಕಾದವಳ ದಣಿವು. ಇವತ್ತು ಅವಳ ಪಾಠ. ಹೆಬ್ಬಾಳದ ಕೆರೆಯ ಕೆಳಗಿನ ಶಾಲೆಯಲ್ಲಿ, ಮೂರನೆಯ ತರಗತಿಗೆ, ಟೇಪ್ ರೆಕಾರ್ಡರ್ ಇಟ್ಟುಕೊಂಡು ಪಾಠ ಕೊಡಬೇಕು. ಹಿಂದಿನ ಬೆಂಚಿನಲ್ಲಿ ವೆಂಕಟರಾಮಯ್ಯನವರು ಕೂತು ನೋಡುತ್ತಾರೆ. ಇದರಲ್ಲಿ ದಾಟಿದರೆ ಟ್ರೈನಿಂಗು ಮುಗಿದ ಹಾಗೆ. ಬೇಸಿಗೆ ಕಳೆದ ಮೇಲೆ ಯಾವುದೋ ಒಂದು ಊರಿನ ಶಾಲೆ, ತನ್ನದೇ ಒಂದು ಕೋಣೆ, ತನ್ನದೇ ಒಂದು ಒಲೆ. ದಾಟದಿದ್ದರೆ ಅಣ್ಣ ಲಕ್ಕಣ್ಣನ ಮನೆ, ಕೊಟ್ಟಿಗೆ, ಅತ್ತಿಗೆಯ ಮಗು.

ಟೇಪ್ ರೆಕಾರ್ಡರ್ ಯಶವಂತಪುರದ ಆ ಟ್ರೈನಿಂಗ್ ಸ್ಕೂಲಿಗೆ ಬಂದದ್ದು ಅರವತ್ತೆರಡರ ಮಳೆಗಾಲದಲ್ಲಿ, ಇವಳ ತಂಡ ಸೇರಿದ ಹೊಸದರಲ್ಲೇ. ಅದನ್ನು ಬಳಸುವ ಬಗೆಯನ್ನು ಕಲಿಯಲು ವೆಂಕಟರಾಮಯ್ಯನವರು ಮೈಸೂರಿಗೆ ಹೋಗಿ ಬಂದಿದ್ದರು. ಇನ್ನು ಮುಂದೆ ಕರೀ ಹಲಗೆ, ಸೀಮೆಸುಣ್ಣ ಇಷ್ಟರಲ್ಲೇ ಬದುಕುತ್ತೇನೆ ಎನ್ನುವ ಮೇಷ್ಟ್ರು ಬದುಕುವುದಿಲ್ಲ ಎಂದು ಹೇಳಿ, ಮೇಜಿನ ಮೇಲಿನ ಹಸಿರು ಬಟ್ಟೆಯನ್ನು ಮದುಮಗಳ ಸೆರಗು ಸರಿಸಿದ ಹಾಗೆ ಮೆಲ್ಲಗೆ ಸರಿಸಿದ್ದರು. ಒಳಗೆ ಬೂದು ಬಣ್ಣದ ಪೆಟ್ಟಿಗೆ, ಮೇಲೆ ಎರಡು ಚಕ್ರ, ಚಕ್ರದಿಂದ ಚಕ್ರಕ್ಕೆ ಓಡುವ ಕಂದು ಪಟ್ಟಿ, ಮಾತಾಡಿದರೆ ಕಿರಿದಾಗಿ ಸುಮ್ಮನಾದರೆ ಅಗಲವಾಗುವ ಒಂದು ಹಸಿರು ದೀಪ. ಹೊಲಿಗೆ ಯಂತ್ರವನ್ನು ಬಿಟ್ಟರೆ ಬೇರೆ ಯಾವ ಯಂತ್ರವನ್ನೂ ಮುಟ್ಟದಿದ್ದ ಹೆಂಗಸರಿಗೆ ಅದನ್ನು ಮುಟ್ಟಲು ಭಯ. ಗಂಗರತ್ನಮ್ಮನಿಗೆ ಮಾತ್ರ ಭಯವಾಗಲಿಲ್ಲ. ಪಟ್ಟಿ ಪೋಣಿಸುವುದು, ಹಿಂದಕ್ಕೆ ಸುತ್ತುವುದು, ಕೆಂಪು ಗುಂಡಿಯನ್ನೂ ಪಕ್ಕದ ಗುಂಡಿಯನ್ನೂ ಒಟ್ಟಿಗೆ ಒತ್ತಿದರೆ ಹಳೆಯ ದನಿ ಅಳಿಸಿ ಅದರ ಮೇಲೆ ಹೊಸ ದನಿ ಕೂರುವುದು, ಇವನ್ನೆಲ್ಲ ಅವಳ ಕೈ ಬೇಗ ಕಲಿತುಬಿಟ್ಟಿತು. ಗಂಡ ಸತ್ತ ಮೇಲೆ ತವರಿಗೆ ಬಂದು, ಹಿತ್ತಲಲ್ಲಿ ಕೂತು ಓದಿ, ತನಗಿಂತ ಬಹಳ ಚಿಕ್ಕ ಹುಡುಗಿಯರ ಜೊತೆ ಎಸ್ಸೆಸ್ಸೆಲ್ಸಿ ಕಟ್ಟಿ ಬಂದವಳಿಗೆ, ತನ್ನ ಕೈ ಇಷ್ಟು ಚುರುಕು ಎಂಬುದು ಆಗ ಗೊತ್ತಾಗಿ ಒಳಗೊಳಗೇ ಹಿಗ್ಗಾಗಿತ್ತು. ಆ ಹಿಗ್ಗು ಒಂದು ವಾರ ಇದ್ದಿರಬಹುದು.

ಆಮೇಲೆ ಒಂದು ಮಧ್ಯಾಹ್ನ ಎಲ್ಲರೂ ಒಬ್ಬೊಬ್ಬರಾಗಿ ಮೈಕಿನ ಮುಂದೆ ನಿಂತು ತಮ್ಮೂರಿನ ಬಗ್ಗೆ ನಾಲ್ಕು ಮಾತು ಆಡಬೇಕಾಯಿತು. ಅವಳೂ ಆಡಿದಳು. ಪಟ್ಟಿ ಹಿಂದಕ್ಕೆ ಸುತ್ತಿ ಕೇಳಿಸುವಾಗ ಯಾರೋ ಒಬ್ಬ ಹೆಂಗಸು, ಗದ್ದೆಯ ಆಚೆ ಬದಿಯಿಂದ ಕೂಗಿ ಮಾತಾಡುವಂಥವಳು, ನಮ್ಮೂರಿನಲ್ಲಿ ಅಬ್ಬಕ್ಕೆ ಓಳಿಗೆ ಮಾಡಿ ಹೆಲ್ಲರೂ ಒಟ್ಟಿಗೆ ಕೂತು ಊಟ ಮಾಡುತ್ತೇವೆ ಎಂದು ಪೆಟ್ಟಿಗೆಯೊಳಗಿಂದ ಹೇಳಿದಳು. ಯಾರಿವಳು ಎಂದು ಗಂಗರತ್ನಮ್ಮ ಸುತ್ತ ನೋಡಿದಳು. ಸುತ್ತಲಿದ್ದವರು ಅವಳನ್ನು ನೋಡುತ್ತಿದ್ದರು. ವೆಂಕಟರಾಮಯ್ಯನವರು ಪಟ್ಟಿಯನ್ನು ನಿಲ್ಲಿಸಿ, ಮತ್ತೊಮ್ಮೆ ಹಿಂದಕ್ಕೆ ಸುತ್ತಿ, ಮತ್ತೊಮ್ಮೆ ಕೇಳಿಸಿದರು. ನಂತರ ನಗುತ್ತಾ, “ನೋಡಿ, ಗಂಗರತ್ನಮ್ಮ ಬಹಳ ಉದಾರಿಗಳು. ಹಬ್ಬದ ‘ಹ’ವನ್ನು ತೆಗೆದು ಎಲ್ಲರಿಗೂ ಹಂಚಿಬಿಟ್ಟಿದ್ದಾರೆ” ಎಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಕೆಟ್ಟ ಮನುಷ್ಯರಾಗಿದ್ದರೆ ಬೈದುಕೊಳ್ಳಬಹುದಿತ್ತು. ಕೋಣೆ ತುಂಬ ನಗು ಎದ್ದಿತು, ಅವಳೂ ನಕ್ಕಳು. ನಗದಿದ್ದರೆ ಇನ್ನೂ ಕೆಟ್ಟದಾಗಿ ಕಾಣುತ್ತದೆ ಎಂದು ನಕ್ಕಳು. ನಗುವಾಗ ಬಾಯಿಂದ ಬಂದದ್ದು ಅಚ್ಚ ಹಕಾರವೇ ಎಂದು ಎಷ್ಟೋ ದಿನದ ಮೇಲೆ ಬಚ್ಚಲಲ್ಲಿ ಮೈಮೇಲೆ ನೀರು ಹಾಕಿಕೊಳ್ಳುವಾಗ ಹೊಳೆದು, ತಂಬಿಗೆಯನ್ನು ಹಾಗೇ ಹಿಡಿದು ಕೂತಿದ್ದಳು. ಆ ಸುರುಳಿಯನ್ನು ವೆಂಕಟರಾಮಯ್ಯನವರು ಅಳಿಸಲಿಲ್ಲ. ಮುಂದಿನ ತಂಡಕ್ಕೆ ನಮೂನೆಯಾಗಿ ಬೇಕು ಎಂದು ಬೀರುವಿನಲ್ಲಿಟ್ಟರು. ಹಾಗಾಗಿ ಮುಂದಿನ ವರ್ಷ ತಾನು ಎಲ್ಲಿದ್ದರೂ, ಯಾವ ಊರಿನಲ್ಲಿ ಪಾಠ ಹೇಳುತ್ತಿದ್ದರೂ, ಇಲ್ಲಿ ಯಶವಂತಪುರದಲ್ಲಿ ಮುಖ ಗೊತ್ತಿಲ್ಲದ ಹೆಂಗಸರು ತನ್ನ ಹೋಳಿಗೆಗೆ ನಗುತ್ತಿರುತ್ತಾರೆ.

ಮನೆಯಲ್ಲಿ ಇನ್ನೊಂದು ಬಗೆ. ಹಕಾರ ಹಚ್ಚಿಕೊಂಡು ಮಾತಾಡಲು ಶುರು ಮಾಡಿದ ಮೇಲೆ ಅತ್ತಿಗೆ ಸುಬ್ಬಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಅದನ್ನು ತಡೆದುಕೊಳ್ಳಬಹುದಿತ್ತು. ಒಂದು ಸಂಜೆ ತಾಯಿ ಗೌರಮ್ಮ ಉಳ್ಳಿಸಾರು ಬಡಿಸುತ್ತಾ ಇನ್ನೊಂಚೂರು ಆಕ್ಲಾ ಎಂದಾಗ, ಇಡೀ ದಿನ ತಿದ್ದಿಸಿಕೊಂಡು ಬಂದ ಸಿಟ್ಟೋ ಏನೋ, ಅದು ಹುರುಳಿ, ಹಾಕ್ಲಾ ಅನ್ಬೇಕು ಎಂದುಬಿಟ್ಟಿದ್ದಳು. ತಾಯಿ ಸೌಟನ್ನು ಸಾರಿನ ಮಡಕೆಗೆ ಮೆಲ್ಲಗೆ ಬಿಟ್ಟಳು. ಅವತ್ತಿನಿಂದ ಮಗಳ ಎದುರಿಗೆ ಯಾವ ಸಾರಿನ ಹೆಸರನ್ನೂ ಹೇಳುವುದಿಲ್ಲ; ಸಾರು ಅನ್ನುತ್ತಾಳೆ, ಅಷ್ಟೆ. ಮೊದಲು ಮಗಳು ಸ್ಟೇಷನ್ನಿನಿಂದ ಬರುವ ಹೊತ್ತಿಗೆ ಜಗಲಿಯ ಮೇಲೆ ಕೂತು ಬೀದಿಯ ಸುದ್ದಿಯನ್ನೆಲ್ಲ ಒಪ್ಪಿಸುತ್ತಿದ್ದವಳು ಈಗ ಬಂದ್ಯಾ ಎಂದಷ್ಟೇ ಕೇಳಿ ಒಳಗೆ ಹೋಗುತ್ತಾಳೆ.

ಟ್ರೈನಿಂಗ್ ಸ್ಕೂಲಿನ ಮುಂದೆ ಜಟಕಾ ಆಗಲೇ ನಿಂತಿತ್ತು. ಜೊತೆಗೆ ಪಾಠ ನೋಡಲು ಬರಬೇಕಾಗಿದ್ದ, ಅವಳದೇ ತಂಡದ ಜಾಹಿದಾ ರೆಕಾರ್ಡರಿನ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ ಒಳಗೆ ಇಡಿಸಿ, ತಾನು ಅಂಚಿನಲ್ಲಿ ಕೂತಿದ್ದಳು. ಯಶವಂತಪುರದವಳೇ, ಮನೆಮಾತು ಉರ್ದು. ಹಕಾರ ಅವಳ ಗಂಟಲಿನ ಆಳದಿಂದ ಯಾವ ಕಷ್ಟವೂ ಇಲ್ಲದೆ ಬರುತ್ತಿತ್ತು. ಅವಳ ಕಷ್ಟವೆಲ್ಲ ಳಕಾರದ ಮೇಲೆ. ಸಾರ್ ಮುಂದಿನ ಜಟಕಾದಲ್ಲಿ ಹೋದರೆಂದೂ, ದಾರಿಯಲ್ಲಿ ಹಳ್ಳ ಬಂದರೆ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕೆಂದು ಹೇಳಿದ್ದಾರೆಂದೂ ತಿಳಿಸಿದಳು. ಜಟಕಾ ಮತ್ತಿಕೆರೆ ದಾಟಿತು. ಹಸಿ ಸಗಣಿ, ಕುದುರೆಯ ಬೆವರು, ಪಕ್ಕದ ದ್ರಾಕ್ಷಿ ತೋಟದಲ್ಲಿ ಹೊಡೆದಿದ್ದ ಔಷಧಿಯ ನಾತ. ಗಂಗರತ್ನಮ್ಮ ಪಾಠವನ್ನು ಮನಸ್ಸಿನಲ್ಲೇ ಓಡಿಸುತ್ತಿದ್ದಳು. ಮೊದಲು ಮಕ್ಕಳಿಗೆ ಯಂತ್ರದ ಪರಿಚಯ. ಆಮೇಲೆ ವೆಂಕಟರಾಮಯ್ಯನವರು ತಮ್ಮ ದನಿಯಲ್ಲಿ ಓದಿ ತುಂಬಿಸಿಕೊಟ್ಟಿದ್ದ ಗದ್ಯ. ಆಮೇಲೆ ಒಂದು ಮಗುವಿನ ಕೈಲಿ ಅದನ್ನೇ ಓದಿಸಿ, ತುಂಬಿಕೊಂಡು, ಎರಡನ್ನೂ ಕೇಳಿಸಿ, ವ್ಯತ್ಯಾಸವನ್ನು ಮಕ್ಕಳೇ ಹೇಳುವಂತೆ ಮಾಡುವುದು. ಹಾಗೆ ಮಾಡಿಸಬೇಕೆಂದು ಹೇಳಿದವರು ವೆಂಕಟರಾಮಯ್ಯನವರೇ. ಬರೆದುಕೊಂಡವಳು ಇವಳು. ಬರೆದುಕೊಳ್ಳುವಾಗ ಆ ಮಗುವಿಗೆ ಮುಖ ಇರಲಿಲ್ಲ.

ಶಾಲೆ ಎಂದರೆ ಎರಡು ಕೋಣೆ, ಒಂದು ಜಗಲಿ, ಹಿಂದೆ ಕೆರೆಯ ಏರಿ, ಮುಂದೆ ಕೆರೆನೀರಿನಲ್ಲಿ ಬೆಳೆಯುವ ಸೊಪ್ಪಿನ ಮಡಿಗಳು. ಮಕ್ಕಳಲ್ಲಿ ಅರ್ಧ ಜನ ಆ ಮಡಿಗಳವರ ಮಕ್ಕಳು. ಉಳಿದವರು ಆಚೆ ರಸ್ತೆಯ ಕ್ವಾರ್ಟರ್ಸಿನಿಂದ ಬರುವ ಗುಮಾಸ್ತರ, ಕಾಂಪೌಂಡರುಗಳ ಮಕ್ಕಳು. ಗೋಡೆಯಲ್ಲಿ ಪ್ಲಗ್ಗು ಇರಲಿಲ್ಲ. ತರಗತಿಯ ಕೋಣೆಯ ಒಂದೇ ಬಲ್ಬನ್ನು ಬಿಚ್ಚಿ, ಆ ಹೋಲ್ಡರಿಗೇ ತಂತಿ ಸಿಕ್ಕಿಸಬೇಕಾಯಿತು. ಗಂಗರತ್ನಮ್ಮ ಸೆರಗು ಸಿಕ್ಕಿಸಿ ಬೆಂಚಿನ ಮೇಲೆ ಹತ್ತಿ ತಾನೇ ಸಿಕ್ಕಿಸಿದಳು. ಹೆಡ್‌ಮಾಸ್ಟರು ಕೆಳಗಿನಿಂದ, ಹೆಂಗಸರು ಮುಟ್ಟಬಾರದಿತ್ತು, ಯಾರನ್ನಾದರೂ ಕರೆಸುತ್ತಿದ್ದೆ ಎನ್ನುತ್ತಿದ್ದರು. ವೆಂಕಟರಾಮಯ್ಯನವರು ಹೆಮ್ಮೆಯಿಂದ, ಅವರಿಗೆ ಎಲ್ಲ ಗೊತ್ತು, ನಮ್ಮಲ್ಲಿ ಯಂತ್ರ ಎಂದರೆ ಗಂಗರತ್ನಮ್ಮನೇ ಎಂದರು. ಆ ಹೆಮ್ಮೆಯೂ ನಿಜವಾದದ್ದೇ. ಬೆಂಚಿನ ಮೇಲಿನಿಂದ ಕಾಣುತ್ತಿದ್ದ ಅವರ ನೆತ್ತಿಯ ಬೋಳಿನ ಮೇಲೆ ಬೆವರು ಕೂತಿತ್ತು. ಈ ಮನುಷ್ಯನಿಗೆ ತನ್ನ ಮೇಲೆ ವಿಶ್ವಾಸವಿದೆ, ತಾನು ಗೆದ್ದರೆ ಖುಷಿಪಡುತ್ತಾರೆ ಎನಿಸಿ ಅವಳಿಗೆ ಇನ್ನಷ್ಟು ಆಯಾಸವಾಯಿತು. ಯಂತ್ರ ಬಿಸಿಯಾಗುವವರೆಗೆ ಕಾಯಬೇಕಾಗಿತ್ತು. ಮಕ್ಕಳು ಉಸಿರು ಬಿಗಿಹಿಡಿದು ಹಸಿರು ದೀಪ ಹೊತ್ತುವುದನ್ನು ನೋಡಿದರು.

ಪಾಠ ಚೆನ್ನಾಗಿಯೇ ಹೋಯಿತು. ಇಷ್ಟು ಚೆನ್ನಾಗಿ ಹೋಗುತ್ತದೆ ಎಂದು ಅವಳೇ ಅಂದುಕೊಂಡಿರಲಿಲ್ಲ. ಒಳಗಿಂದ ಗಂಡಸಿನ ದನಿ ಬಂದಾಗ ಮಕ್ಕಳು ಪೆಟ್ಟಿಗೆಯ ಹಿಂಬದಿಗೆ ಬಗ್ಗಿ ನೋಡಿದರು. ಹಿಂದೆ ಕೂತ ಸಾರ್ ಬಾಯಿ ಮುಚ್ಚಿಕೊಂಡಿದ್ದರೂ ಅವರದೇ ದನಿ ಮುಂದೆ ಓದುತ್ತಿರುವುದು ಗೊತ್ತಾದಾಗ ಇಡೀ ತರಗತಿ ತಿರುಗಿ ಅವರನ್ನೂ ಯಂತ್ರವನ್ನೂ ಮತ್ತೆ ಮತ್ತೆ ನೋಡಿತು. ಹಕ್ಕಿ ಹಾರಿತು. ಹಳ್ಳ ಹರಿಯಿತು. ಹಸುವಿಗೆ ಹಸಿವಾಯಿತು. ಪ್ರತಿ ಹಕಾರವೂ ಒರೆಸಿಟ್ಟ ಹಿತ್ತಾಳೆಯ ಹಾಗೆ ಹೊಳೆಯುತ್ತಿತ್ತು. ತನ್ನ ಬಾಯಿಂದಲೂ ಅವತ್ತು ತಪ್ಪು ಬರಲಿಲ್ಲ. ಒಂದೊಂದು ಮಾತನ್ನೂ ಕೆಸರಿನಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟ ಹಾಗೆ ಆಡಿದಳು. ಯಾರು ಓದುತ್ತೀರಿ ಎಂದು ಕೇಳಿದಾಗ ಕ್ವಾರ್ಟರ್ಸಿನ ಮಕ್ಕಳ ಕೈಗಳು ಮೇಲೆದ್ದವು. ಅವರನ್ನು ಕರೆದರೆ ತಪ್ಪು ಸಿಗುವುದಿಲ್ಲ. ತಪ್ಪು ಸಿಗದಿದ್ದರೆ ವ್ಯತ್ಯಾಸ ಸಿಗುವುದಿಲ್ಲ, ವ್ಯತ್ಯಾಸವಿಲ್ಲದೆ ಪಾಠ ಮುಂದೆ ಹೋಗುವುದಿಲ್ಲ. ಈ ಲೆಕ್ಕವನ್ನು ತಾನು ಹಾಕಿದ್ದು ಅವಳಿಗೆ ಗೊತ್ತಿತ್ತು, ಅಥವಾ ಆಮೇಲೆ ಗೊತ್ತಾಯಿತು. ಅವಳ ಕಣ್ಣು ಗೋಡೆಯ ಪಕ್ಕ, ನೆಲದ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತಿದ್ದ ಒಬ್ಬ ಹುಡುಗಿಯ ಮೇಲೆ ನಿಂತಿತು. ಎಣ್ಣೆ ಹಚ್ಚಿ ಎಳೆದು ಕಟ್ಟಿದ ಜಡೆ, ಉದ್ದಲಂಗದ ಅಂಚಿಗೆ ಒಣಗಿದ ಕೆಸರು. ಕೈ ಎತ್ತಿರಲಿಲ್ಲ. ಆದರೆ ಯಂತ್ರವನ್ನು ನೋಡುತ್ತಿದ್ದ ಬಗೆಯಲ್ಲಿ ಆಸೆ ಇತ್ತು. ಹೆಸರು ಮುನಿಗಂಗಮ್ಮ ಎಂದಳು.

ಹುಡುಗಿ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಗಟ್ಟಿಯಾಗಿ, ಸ್ವಲ್ಪವೂ ತಡವರಿಸದೆ, ರಾಗವಾಗಿ ಓದಿದಳು. ಚೆನ್ನಾಗಿ ಓದುವ ಹುಡುಗಿ. ಪುಸ್ತಕವನ್ನು ಕೆಳಗಿಳಿಸಿದಾಗ ಮುಖದಲ್ಲಿ ಗೆಲುವಿತ್ತು. ಗಂಗರತ್ನಮ್ಮ ಪಟ್ಟಿಯನ್ನು ಹಿಂದಕ್ಕೆ ಸುತ್ತಿ ಬಿಟ್ಟಳು. ಅಕ್ಕಿ ಆರಿತು, ಎಂದಿತು ಪೆಟ್ಟಿಗೆ, ಆ ಎಳೆಯ ದನಿಯಲ್ಲಿ. ಅಳ್ಳ ಅರಿಯಿತು. ಅಸುವಿಗೆ ಅಸಿವಾಯಿತು. ಯಾರೂ ನಗಲಿಲ್ಲ. ಮಕ್ಕಳಿಗೆ ಅದು ಮುನಿಗಂಗಮ್ಮನ ದನಿ, ಅಷ್ಟೆ. ಪೆಟ್ಟಿಗೆಯೊಳಗಿಂದ ಬಂತು ಎಂಬ ಬೆರಗು, ಅಷ್ಟೆ. ವ್ಯತ್ಯಾಸ ಏನು ಎಂದು ಕೇಳಿದಳು. ಇವರದು ಗಂಡಸಿನ ದನಿ, ಇವಳದು ಹುಡುಗಿ ದನಿ ಎಂದ ಒಬ್ಬ. ಸರಿ, ಇನ್ನೇನು? ತರಗತಿ ಸುಮ್ಮನಿತ್ತು. ಹಿಂದಿನ ಬೆಂಚಿನಲ್ಲಿ ವೆಂಕಟರಾಮಯ್ಯನವರು ಪೆನ್ನಿನ ಟೊಪ್ಪಿಗೆ ತೆಗೆದದ್ದು ಕೇಳಿಸಿತು. ಆ ಸುಮ್ಮನಿರುವಿಕೆ ಅವಳಿಗೆ ತಡೆಯಲಾಗಲಿಲ್ಲ. ಕೈ ತಾನಾಗಿ ಪಟ್ಟಿಯನ್ನು ಹಿಂದಕ್ಕೆ ಸುತ್ತಿತು, ಮತ್ತೆ ಕೇಳಿಸಿತು, ನಿಲ್ಲಿಸಿತು. ಬಾಯಿ ತಾನಾಗಿ ನಕ್ಕಿತು. “ಏನಮ್ಮ ಮುನಿಗಂಗಮ್ಮ, ಅಕ್ಕಿ ಆರಿತಾ? ಹಾಗಾದರೆ ಎತ್ತಿ ಡಬ್ಬಕ್ಕೆ ತುಂಬಿಡೋಣವಾ?” ಎಂದಳು.

ಮೊದಲು ಕ್ವಾರ್ಟರ್ಸಿನ ಮಕ್ಕಳು ನಕ್ಕರು. ಆಮೇಲೆ ಅರ್ಥವಾಗದವರೂ ನಕ್ಕರು. ಕೊನೆಗೆ ಸೊಪ್ಪಿನ ಮಡಿಯವರ ಮಕ್ಕಳು, ಮನೆಯಲ್ಲಿ ಅಕ್ಕಿಯನ್ನೂ ಹಕ್ಕಿಯನ್ನೂ ಒಂದೇ ಮಾತಿನಲ್ಲಿ ಕರೆಯುವವರು, ಎಲ್ಲರಿಗಿಂತ ಜೋರಾಗಿ ನಕ್ಕರು. ಅಕ್ಕಿ ಆರಿತು, ಅಕ್ಕಿ ಆರಿತು ಎಂದು ಒಬ್ಬ ಲಯ ಹಿಡಿದ. ಹುಡುಗಿಯೂ ನಕ್ಕಳು. ಮೇಲಿನ ತುಟಿ ಹಲ್ಲಿನ ಮೇಲೆ ಅಂಟಿಕೊಂಡಂತಿದ್ದ ಆ ನಗುವನ್ನು ಗಂಗರತ್ನಮ್ಮ ಹೊರಗಿನಿಂದ ಯಾವತ್ತೂ ನೋಡಿರಲಿಲ್ಲ, ಒಳಗಿನಿಂದ ಗೊತ್ತಿತ್ತು. ಪಾಠ ನಿಲ್ಲಲಿಲ್ಲ. ಅಂಗೈ ಅಡ್ಡ ಹಿಡಿಯಿರಿ ಎಂದಳು, ಇಡೀ ತರಗತಿ ಹಿಡಿಯಿತು, ಹ ಎಂದಳು, ಹ ಎಂದಿತು. ನಲವತ್ತು ಬಾಯಿಗಳಿಂದ ಉಸಿರು ಹೊರಟಿತು. ಹಸಿರು ದೀಪ ಉರಿಯುತ್ತಲೇ ಇತ್ತು. ಗಂಟೆ ಹೊಡೆದಾಗ ಮಕ್ಕಳು ಜಗಲಿಯಿಂದ ಬಯಲಿಗೆ ಚೆಲ್ಲಿಹೋದರು. ಆ ಹುಡುಗಿ ಚೀಲವನ್ನು ಅಲ್ಲೇ ಬಿಟ್ಟು, ಯಾರ ಜೊತೆಗೂ ಸೇರದೆ, ಮಡಿಗಳ ನಡುವಿನ ಬದುವಿನ ಮೇಲೆ ಒಂದೇ ಉಸಿರಿಗೆ ಓಡುತ್ತಿರುವುದು ಕಿಟಕಿಯಿಂದ ಕಂಡಿತು. ಮನೆಗೆ ಓಡುತ್ತಿದೆ ಮಗು, ಇನ್ನು ಶಾಲೆಗೆ ಬರುವುದಿಲ್ಲ ಎಂದುಕೊಂಡಳು.

ವೆಂಕಟರಾಮಯ್ಯನವರು ಬಂದು ಬಹಳ ಹೊತ್ತು ಹೊಗಳಿದರು. ಇಷ್ಟು ವರ್ಷದಲ್ಲಿ ಇಂಥ ಪಾಠ ನೋಡಿಲ್ಲ, ಯಂತ್ರವನ್ನು ಕೈಯ ಬೆರಳಿನ ಹಾಗೆ ಬಳಸಿದಿರಿ, ಅದಕ್ಕಿಂತ ಆ ಹಾಸ್ಯ, ಅಕ್ಕಿ ತುಂಬಿಡುವ ಮಾತು, ಅದು ಹುಟ್ಟು ಶಿಕ್ಷಕಿಗೆ ಮಾತ್ರ ಬರುವಂಥದ್ದು ಎಂದರು. ಕಣ್ಣಿನಲ್ಲಿ ನಿಜವಾಗಿ ನೀರಾಡಿತ್ತು. ಆಮೇಲೆ ಹೆಡ್‌ಮಾಸ್ಟರ ಕೋಣೆಗೆ ಕಾಫಿಗೆ ಹೊರಟವರು ಬಾಗಿಲಲ್ಲಿ ತಿರುಗಿ, “ಆ ಹುಡುಗಿಯ ಓದನ್ನು ಜೋಪಾನ ಮಾಡಿ ಇಡಿ. ನಿಮ್ಮದರ ಪಕ್ಕದಲ್ಲೇ ಇಡೋಣ. ಮುಂದಿನ ತಂಡಕ್ಕೆ ಒಳ್ಳೆಯ ನಮೂನೆ ಆಗುತ್ತೆ” ಎಂದರು.

ಕೋಣೆಯಲ್ಲಿ ಜಾಹಿದಾ ತಂತಿ ಸುತ್ತುತ್ತಿದ್ದಳು. ಗಂಗರತ್ನಮ್ಮ ಬೇಡ ಎಂದಳು, ಇನ್ನೂ ಕರೆಂಟು ಬೇಕು ಎಂದಳು. ಪಟ್ಟಿಯನ್ನು ಹಿಂದಕ್ಕೆ ಸುತ್ತಿ, ಹುಡುಗಿಯ ದನಿ ಶುರುವಾಗುವ ಜಾಗದಲ್ಲಿ ನಿಲ್ಲಿಸಿದಳು. ಬೇರೆ ಸದ್ದು ಕೂರದಂತೆ ಮೈಕನ್ನು ಕಂಬಳಿಯೊಳಗೆ ಇಟ್ಟು ಸುತ್ತಿದಳು. ಕೆಂಪು ಗುಂಡಿಯನ್ನೂ ಪಕ್ಕದ ಗುಂಡಿಯನ್ನೂ ಒಟ್ಟಿಗೆ ಒತ್ತಿದಳು. ಜಾಹಿದಾ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಚಕ್ರಗಳು ತಿರುಗಿದವು. ಅಳಿಸುವಾಗ ಏನೂ ಕೇಳುವುದಿಲ್ಲ. ಹಸಿರು ದೀಪ ಅಗಲವಾಗಿ ಕಣ್ಣು ಬಿಟ್ಟುಕೊಂಡಿತ್ತು. ಅಕ್ಕಿ ಹೋಯಿತು, ಅಳ್ಳ ಹೋಯಿತು, ಈಗ ಅಸು ಹೋಗುತ್ತಿದೆ ಎಂದು ಅಂದಾಜಿನಲ್ಲೇ ಎಣಿಸುತ್ತಾ ನಿಂತಳು. ತನ್ನದಿರುವ ಸುರುಳಿ ಬೀರುವಿನಲ್ಲಿದೆ, ಕೈಗೆ ಸಿಗುವುದಿಲ್ಲ. ಇದಾದರೂ. ಸಾರ್ ಕೇಳಿದರೆ ಏನು ಹೇಳುವುದೆಂದು ಯೋಚಿಸಬೇಕೆನಿಸಿದರೂ ಯೋಚಿಸುವಷ್ಟು ತ್ರಾಣ ಇರಲಿಲ್ಲ. ಎಷ್ಟೋ ತಿಂಗಳ ನಂತರ ಮೊದಲ ಸಲ, ಒಂದು ಕೆಲಸವನ್ನು ಪೂರ್ತಿ ತನ್ನ ಮನಸ್ಸಿನಿಂದ ಮಾಡಿದ ಹಾಗೆನಿಸಿತು. ಆ ಮಗು ನಾಳೆ ದೊಡ್ಡದಾಗಿ ಎಲ್ಲಿಗೆ ಹೋದರೂ ಅದರ ಹಿಂದೆ ನಗು ಬರುವುದಿಲ್ಲ. ಗುಂಡಿ ಮೇಲಕ್ಕೆತ್ತಿ, ಪಟ್ಟಿಯನ್ನು ಮತ್ತೆ ಸುತ್ತಿ ಕೇಳಿ ನೋಡಿದಳು. ಸಣ್ಣಗೆ ಮರಳು ಸುರಿದ ಹಾಗೆ ಒಂದು ಸದ್ದು, ಅಷ್ಟೇ ಇತ್ತು.

ಪೆಟ್ಟಿಗೆಯನ್ನು ಜಟಕಾಕ್ಕೆ ಏರಿಸುವ ಹೊತ್ತಿಗೆ ಬದುವಿನ ಮೇಲೆ ಇಬ್ಬರು ಬರುತ್ತಿರುವುದು ಕಾಣಿಸಿತು. ಹುಡುಗಿ ಮುಂದೆ ಓಡುತ್ತಾ, ನಿಲ್ಲುತ್ತಾ, ಹಿಂದಿನವಳನ್ನು ಕೈಹಿಡಿದು ಎಳೆಯುತ್ತಾ ಇದ್ದಳು. ಹಿಂದಿನವಳು ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡಿದ್ದಳು. ಮೀನಖಂಡದವರೆಗೆ ಕೆಸರು, ಕಂಕುಳಲ್ಲಿ ಆಗತಾನೆ ಕಿತ್ತ ಸೊಪ್ಪಿನ ಕಂತೆ. ಜಗಳಕ್ಕೆ ಬರುತ್ತಿದ್ದಾಳೆ ಎಂದು ಗಂಗರತ್ನಮ್ಮ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ನಿಂತಳು. ಬಂದರೆ ಬರಲಿ ಎಂದೂ ಅನಿಸಿತು. ಆ ಹೆಂಗಸು, ಮುನಿಗಂಗಮ್ಮನ ತಾಯಿ ಸೊಣ್ಣಮ್ಮ, ಜಟಕಾದ ಹತ್ತಿರ ಬಂದವಳು ಅಲ್ಲಿದ್ದ ಗಂಡಸರನ್ನು ಕಂಡು ಸೀರೆಯನ್ನು ಕೆಳಗೆ ಬಿಟ್ಟುಕೊಂಡು, ನಾಚಿಕೊಂಡು ನಕ್ಕಳು.

“ಮಗೀನ ದನಿ ಪೆಟ್ಗೇಲಿ ಇಕ್ಕಿದ್ದೀರಂತೆ. ನನ್ ಕರ್ಕೊಂಡ್ ಬರಾಕೆ ಅಂತ ಓಡ್ಬಂದವ್ಳೆ. ಒಂದ್ ಕಿತ ಕೇಳುಸ್ತೀರಾ ತಾಯಿ? ಕೇಳ್ಕೊಂಡು ಒಂಟೋಯ್ತೀನಿ,” ಎಂದಳು.

ಹುಡುಗಿ ಏದುಸಿರು ಬಿಡುತ್ತಾ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ಮುಖದಲ್ಲಿ ಆ ಅಂಟಿಕೊಂಡ ನಗು ಇರಲಿಲ್ಲ. ಆಸೆ ಇತ್ತು, ಮೊದಲಿನ ಹಾಗೆಯೇ. ಗಂಗರತ್ನಮ್ಮನಿಗೆ ಆಗ ತಿಳಿಯಿತು. ಓಡಿದ್ದು ಅವಮಾನದಿಂದಲ್ಲ. ಓಡಿದ್ದು ಅವ್ವನನ್ನು ಕರೆಯಲು. ಚೀಲ ಬಿಟ್ಟು ಹೋದದ್ದು ಮರಳಿ ಬರುತ್ತೇನೆಂದು. ನಕ್ಕವರು ನಕ್ಕರು, ನೊಂದದ್ದೂ ನಿಜವಿರಬಹುದು. ಆದರೆ ಅದರ ಆಚೆಗೆ ಈ ಮಗುವಿಗೆ ಇನ್ನೊಂದು ಇತ್ತು. ಅದು ತನಗೆ ಹೊಳೆಯಲೇ ಇಲ್ಲ, ಏಕೆಂದರೆ ತನ್ನ ದನಿ ಪೆಟ್ಟಿಗೆಯಿಂದ ಬಂದ ದಿನ ತಾಯಿಯನ್ನು ಕರೆತಂದು ಕೇಳಿಸಬೇಕೆಂದು ತನಗೆ ತೋಚಿರಲಿಲ್ಲ. ಆ ಸುದ್ದಿಯನ್ನೇ ಮನೆಯಲ್ಲಿ ಎತ್ತಿರಲಿಲ್ಲ. ವೆಂಕಟರಾಮಯ್ಯನವರು ಆಗಲೇ ಉತ್ಸಾಹದಿಂದ ಕಂಬಳಿ ಬಿಚ್ಚಲು ಕೈ ಹಾಕಿದ್ದರು. ಕೇಳಿಸೋಣ, ತಾಯಂದಿರಿಗೂ ಗೊತ್ತಾಗಬೇಕು, ತಂತಿ ಒಳಗೆ ತೆಗೆದುಕೊಂಡು ಹೋಗಿ ಎನ್ನುತ್ತಿದ್ದರು.

“ಇಲ್ಲ ಸಾರ್,” ಎಂದಳು ಗಂಗರತ್ನಮ್ಮ. “ಅಳಿಸಿಬಿಟ್ಟೆ.”

ಅವರು ಒಂದು ಕ್ಷಣ ಅವಳನ್ನು ನೋಡಿ, ಅಯ್ಯೋ, ಕೆಂಪು ಗುಂಡಿ ಒತ್ತಿಬಿಟ್ಟಿರಾ ಎಂದರು. ಹೋಗಲಿ, ಹೊಸಬರಿಗೆ ಆಗುವುದೇ, ಅಷ್ಟು ಹೊತ್ತು ಪಾಠ ಮಾಡಿ ಸುಸ್ತಾಗಿರುತ್ತೀರಿ ಎಂದು ಸಮಾಧಾನವನ್ನೂ ಹೇಳಿದರು. ತಪ್ಪಿ ಅಲ್ಲ ಸಾರ್ ಎಂದು ಅವಳು ಹೇಳಿದಳು. ಅಷ್ಟರಲ್ಲಿ ಅವರು ಜಟಕಾದವನ ಕಡೆಗೆ ತಿರುಗಿದ್ದರು. ಮಾಡಿದ ಒಂದೇ ಒಂದು ಕೆಲಸ ಹೀಗೆ ಕೈತಪ್ಪಿನ ಲೆಕ್ಕಕ್ಕೆ ಹೋಯಿತು.

ಸೊಣ್ಣಮ್ಮನಿಗೆ ಇದೆಲ್ಲ ತಿಳಿದ ಹಾಗೆ ಕಾಣಲಿಲ್ಲ. ಮಗಳ ಮುಖವನ್ನು ನೋಡಿ, ಮೇಷ್ಟ್ರಮ್ಮನ ಮುಖವನ್ನು ನೋಡಿ, ದನಿ ತಗ್ಗಿಸಿ ಕೇಳಿದಳು:

“ಅಳ್ಸಾಕಿದ್ರಾ? ಯಾಕವ್ವಾ, ತೆಪ್ಪಾಗಿ ಏಳ್ಬುಟ್ಳಾ?”

“ಇಲ್ಲ ಕಣಕ್ಕಾ. ಸರ್ಯಾಗೇ ಏಳಿದ್ಳು,” ಎಂದಳು ಗಂಗರತ್ನಮ್ಮ. “ಬೋ ಸಂದಾಗ್ ಏಳಿದ್ಳು. ನಾನೇ ತಿಳೀದೆ ಅಳ್ಸಾಕ್ಬುಟ್ಟೆ.”

ಮಾತು ಬಾಯಿಂದ ಹೊರಟಾಗಲೇ ಅದು ಎಲ್ಲಿಂದ ಬಂತೆಂದು ಗೊತ್ತಾಯಿತು. ಒಳಗೆ ಆಡಿ ನೋಡದೆ ಬಂದ ಮಾತು. ಜಟಕಾದ ಆ ಬದಿಯಲ್ಲಿದ್ದ ವೆಂಕಟರಾಮಯ್ಯನವರು ತಲೆಯೆತ್ತಿ ನೋಡಿದರು. ಅವರ ಹುಬ್ಬು ನೊಂದವರ ಹುಬ್ಬಿನ ಹಾಗೆ ಮೇಲೇರಿತ್ತು. ನೋಡಲಿ ಎನಿಸಿತು. ಜಾಹಿದಾ ನೆಲ ನೋಡುತ್ತಾ ನಿಂತಿದ್ದಳು. ಸೊಣ್ಣಮ್ಮನ ಮುಖ ಮಾತ್ರ ಒಮ್ಮೆಲೇ ಸಡಿಲವಾಯಿತು. ನಮ್ ಕಡೇರಾ ನೀವು, ಯಾವೂರು ಎಂದು ಕೇಳಿದಳು. ಅಲ್ಲಾಳಸಂದ್ರ ಎಂದು ತಿಳಿದು, ಅಲ್ಲಿಗೆ ಕೊಟ್ಟಿದ್ದ ತನ್ನ ಚಿಕ್ಕಮ್ಮನ ಹೆಸರು ಹೇಳಿದಳು. ಆಮೇಲೆ ಮಗಳ ತಲೆಯ ಮೇಲೆ ಕೈಯಿಟ್ಟು, ಪೆಟ್ಟಿಗೆಯಿಂದ ಅಳಿಸಿದರೆ ಬಾಯಿಂದಲೂ ಅಳಿಸಿಹೋಯಿತೇನು, ನೀನೇ ಏಳು, ನಾನು ಇಲ್ಲೇ ನಿಂತು ಕೇಳ್ತೀನಿ ಎಂದಳು.

ಹುಡುಗಿ ತಾಯಿಯ ಕಡೆ ನೋಡಲಿಲ್ಲ. ಗಂಗರತ್ನಮ್ಮನ ಮುಖವನ್ನು ನೋಡಿದಳು, ಆಮೇಲೆ ವೆಂಕಟರಾಮಯ್ಯನವರ ಮುಖವನ್ನು. ಮೆಲ್ಲಗೆ ಬಲಗೈಯನ್ನು ಎತ್ತಿ ಬಾಯಿಗೆ ಅಡ್ಡ ಹಿಡಿದಳು. ಭುಜ ಮೇಲೇರುವಷ್ಟು ಉಸಿರು ಎಳೆದುಕೊಂಡಳು. “ಹಕ್ಕಿ,” ಎಂದಳು. ನಿಂತು, ಮತ್ತೆ ಉಸಿರೆಳೆದು, “ಹಾರಿತು,” ಎಂದಳು. ಹಳ್ಳವನ್ನೂ ಹಸುವನ್ನೂ ಹಾಗೆಯೇ, ಒಂದೊಂದಾಗಿ, ನಡುವೆ ನಿಂತು ನಿಂತು, ಯಾವ ರಾಗವೂ ಇಲ್ಲದೆ ಹೇಳಿ ಮುಗಿಸಿದಳು. ಒಂದೂ ತಪ್ಪಲಿಲ್ಲ.

ವೆಂಕಟರಾಮಯ್ಯನವರು ಭೇಷ್ ಎಂದು ಕೈತಟ್ಟಿದರು. ಆಗಿದ್ದ ನೋವೆಲ್ಲ ಅವರ ಮುಖದಿಂದ ಹೊರಟುಹೋಯಿತು. ಒಂದೇ ಪಾಠದಲ್ಲಿ ಎಂಥ ಫಲ ನೋಡಿದಿರಾ ಎಂದು ಹೆಡ್‌ಮಾಸ್ಟರನ್ನು ಕೂಗಿ ಕರೆದರು. ಸೊಣ್ಣಮ್ಮ ಮಗಳನ್ನು ಹೊಸದಾಗಿ ಕಂಡವಳಂತೆ ನೋಡುತ್ತಿದ್ದಳು. ಅವಳ ಕಣ್ಣು ತುಂಬಿಕೊಂಡಿತ್ತು.

“ನಮ್ ಮನೇಲಿ ಉಟ್ಟಿದ್ ಮಗ ಅನ್ನಂಗೇ ಇಲ್ಲ, ಪ್ಯಾಟೆಯೋರ್ ಮಗ ಆಡ್ದಂಗೈತೆ,” ಎಂದಳು. “ನಿಮ್ ಒಟ್ಟೆ ತಣ್ಣಗಿರ್ಲಿ ತಾಯಿ. ಇವಳ್ನ ಇಂಗೇ ಮಾಡ್ಬುಡಿ.”

ಕಂಕುಳಿನ ಕಂತೆಯಿಂದ ದೊಡ್ಡದೊಂದು ಹಿಡಿ ಸೊಪ್ಪನ್ನು ಎಳೆದು, ಅರಿವೆ ಸೊಪ್ಪು, ಎಳೇದು ಎಂದು ಗಂಗರತ್ನಮ್ಮನ ಕೈಯಲ್ಲಿ ತುರುಕಿದಳು. ಇವಳು ಸೆರಗೊಡ್ಡಿ ತೆಗೆದುಕೊಂಡಳು. ಬೇರಿನ ಮಣ್ಣಿನಿಂದ ನೀರು ಒಸರಿ ಅವಳ ಬಿಳಿ ಸೀರೆಗೆ ಇಳಿಯಿತು. ಹುಡುಗಿ ಒಳಗೆ ಹೋಗಿ ಚೀಲ ತೆಗೆದುಕೊಂಡು ಬಂದಳು. ಗಂಗರತ್ನಮ್ಮ ಬಗ್ಗಿ, ಇನ್ನೊಂದು ಸಲ ಬರುತ್ತೇನೆ, ಆ ಪೆಟ್ಟಿಗೆ ತರುತ್ತೇನೆ, ಮೊದಲು ಓದಿದ ಹಾಗೇ ಓದು ಎಂದು ಅವಳಿಗೆ ಮಾತ್ರ ಕೇಳುವಂತೆ ಹೇಳಿದಳು. ಹುಡುಗಿ ಹೂಂ ಎಂದು ತಲೆಯಾಡಿಸಿದಳು. ಮೊದಲು ಹೇಗೆ ಓದಿದ್ದೆ ಎಂಬುದು ಅವಳಿಗೆ ನೆನಪಿದ್ದ ಹಾಗೆ ಕಾಣಲಿಲ್ಲ, ಅಥವಾ ಅದನ್ನು ಕೇಳುವುದು ತಪ್ಪೆಂದು ಸುಮ್ಮನಿದ್ದಳು.

ಜಟಕಾ ಹೊರಟಿತು. ವಾಪಸು ಹೋಗುವಾಗ ವೆಂಕಟರಾಮಯ್ಯನವರೂ ಇದರಲ್ಲೇ ಕೂತಿದ್ದರು; ಗಂಗರತ್ನಮ್ಮನ ಪಕ್ಕದಲ್ಲಿ ಪೆಟ್ಟಿಗೆ ಇತ್ತು, ತೊಡೆಯ ಮೇಲೆ ಸೊಪ್ಪು. ಅವರು ಮುಂದಿನ ವರ್ಷ ಎರಡನೆಯ ರೆಕಾರ್ಡರಿಗೆ ಸರ್ಕಾರಕ್ಕೆ ಬರೆಯುವ ವಿಷಯ ಮಾತಾಡುತ್ತಿದ್ದರು, ಆ ಹುಡುಗಿಯ ವಿಷಯವನ್ನೂ ಅದರಲ್ಲಿ ಸೇರಿಸಬೇಕು ಎನ್ನುತ್ತಿದ್ದರು. ನಡುವೆ ಮಾತು ನಿಲ್ಲಿಸಿ, ಸೊಪ್ಪಿನ ನೀರು ಯಂತ್ರಕ್ಕೆ ತಾಗೀತು, ಕಾಲ ಬುಡಕ್ಕೆ ಹಾಕಿಬಿಡಿ ಎಂದರು. ಅವಳು ಹಾಕಲಿಲ್ಲ. ಕಂತೆಯನ್ನು ಎತ್ತಿ ಎದೆಗೆ ಒತ್ತಿಕೊಂಡು, ಪೆಟ್ಟಿಗೆಗೆ ಬೆನ್ನು ತಿರುಗಿಸಿ, ಹೆಬ್ಬಾಳದ ಏರಿಯ ಕಡೆ ನೋಡುತ್ತಾ ಕೂತಳು. ಬದುವಿನ ಮೇಲೆ ತಾಯಿ ಮುಂದೆ, ಮಗಳು ಹಿಂದೆ ನಡೆಯುತ್ತಿದ್ದರು. ತಾಯಿ ಏನೋ ಕೇಳುತ್ತಿದ್ದಂತಿತ್ತು. ಮಗಳು ಉತ್ತರ ಕೊಡುವ ಮುಂಚೆ ಪ್ರತಿಸಲವೂ ಒಂದು ಗಳಿಗೆ ನಿಲ್ಲುತ್ತಿದ್ದಳು.